'ಹೇಳಬೇಡ, ಸುಮ್ಮನಿರು' ಅನ್ನೋ ಗೆಳೆಯರಿಗೆ



ವರ್ಷಗಳ ಹಿಂದೆ ಚನ್ನಪಟ್ಟಣದಲ್ಲಿ ಬಾಡಿಗೆ ಮನೆ ನೋಡೋಕೆ ಹೋಗಿದ್ದೆ. ಓನರಮ್ಮ ಕೇಳಿದ ಮೊದಲ ಪ್ರಶ್ನೆ, 'ನೀವು ಯಾವ ಜನ?' ನಾನು ಬಾಯಿ ಬಿಡೋಷ್ಟರಲ್ಲಿ ಜೊತೆಗಿದ್ದ ಗೆಳೆಯ ಬೇರೆ ಜಾತಿ ಹೆಸರು ಹೇಳಿಬಿಟ್ಟ. ಮನೆ ಸಿಕ್ತು. ನಾನು ಸುಮ್ಮನಿದ್ದದ್ದು ಇವತ್ತಿಗೂ ಚುಚ್ಚುತ್ತೆ. ಮೂರೇ ತಿಂಗಳಿಗೆ ಖಾಲಿ ಮಾಡಿ ದೊಡ್ಡಮಳೂರಿನ ನಮ್ಮ ಕೇರಿಗೇ ವಾಪಸ್ ಬಂದೆ.

ಇದನ್ನ ಮತ್ತೆ ನೆನಪಿಸಿದ್ದು ಬೆಸ್ಸಿ ಹೆಡ್ ಅವರ 'ಮಾರು' ಕಾದಂಬರಿ. 1971ರದ್ದು, ತೆಳ್ಳಗಿನ ಪುಸ್ತಕ. ಬೋಟ್ಸ್‌ವಾನಾದಲ್ಲಿ ಮಸಾರ್ವ ಅಂತ ಹೀಯಾಳಿಸಿ ಕರೆಯೋ ಜನ ಇದ್ದಾರೆ. ಮುಖಂಡರ ಮನೆಗಳಲ್ಲಿ ತಲೆಮಾರುಗಟ್ಟಲೆ ಜೀತ ಮಾಡಿದವರು. ಕಾದಂಬರಿಯಲ್ಲಿ ಆ ಜನದ ಒಬ್ಬ ತಾಯಿ ಸತ್ತಾಗ ಹೆಣ ತೊಳೆಯೋಕೆ ನರ್ಸ್‌ಗಳೇ ಹೇಸ್ತಾರೆ. ಆಕೆಯ ಮಗಳು ಮಾರ್ಗರೆಟ್ ಓದಿ ಟೀಚರ್ ಆಗ್ತಾಳೆ. ಊರಿನವರು ಅವಳನ್ನ ಮಿಶ್ರ ಬಣ್ಣದವಳು ಅಂದ್ಕೊಳ್ತಾರೆ. ಕೇಳಿದಾಗ ಆಕೆ ನಾನು ಮಸಾರ್ವ ಅಂತಾಳೆ. ಗೆಳತಿ ಹೇಳ್ತಾಳೆ, ಹೇಳಬೇಡ, ಸುಮ್ಮನಿರು. ಆಕೆ ಸುಮ್ಮನಿರಲ್ಲ.

ಬರೆದಾಕೆ ಯಾರು ಗೊತ್ತಾ? 1937ರಲ್ಲಿ ದಕ್ಷಿಣ ಆಫ್ರಿಕಾದ ಮಾನಸಿಕ ಆಸ್ಪತ್ರೆಯೊಂದರಲ್ಲಿ ಹುಟ್ಟಿದ ಕೂಸು. ತಾಯಿ ಬಿಳಿಯಳು, ತಂದೆ ಕಪ್ಪು ಮನುಷ್ಯ. ಅಂಥ ಕೂಡಿಕೆಯೇ ಅಲ್ಲಿ ಅಪರಾಧ. ಸಾಕೋಕೆ ಒಯ್ದ ಬಿಳಿ ಕುಟುಂಬ ಬಣ್ಣ ನೋಡಿ ವಾಪಸ್ ಕೊಡ್ತು. 1964ರಲ್ಲಿ, ಮತ್ತೆ ಮರಳೋ ಹಾಗಿಲ್ಲ ಅನ್ನೋ ಪರವಾನಗಿ ಹಿಡಿದು, ಪುಟ್ಟ ಮಗನ ಜೊತೆ ಬೋಟ್ಸ್‌ವಾನಾದ ಸೆರೋವೆಗೆ ಬಂದರು. ಪೌರತ್ವ ಸಿಗೋಕೆ 15 ವರ್ಷ ಬೇಕಾಯ್ತು. ಮೇಷ್ಟ್ರ ಕೆಲಸ ಹೋಯ್ತು, ಮನಸ್ಸೂ ಕೆಟ್ಟಿತು. ಆ ನರಕವನ್ನೇ 1973ರಲ್ಲಿ 'ಎ ಕ್ವೆಶ್ಚನ್ ಆಫ್ ಪವರ್' ಅಂತ ಕಾದಂಬರಿ ಮಾಡಿದರು. 1986ರಲ್ಲಿ ಸೆರೋವೆಯಲ್ಲೇ ತೀರಿಕೊಂಡಾಗ ಬರೀ 48 ವರ್ಷ.

ನೆಲೆ ಕೊಟ್ಟ ಊರನ್ನ ಹೊಗಳಿ ಬರೆದಿದ್ರೆ ಯಾರೂ ತಪ್ಪು ತಿಳೀತಿರಲಿಲ್ಲ. ಹೊಗಳಿದ್ದೂ ಉಂಟು, ಆ ಊರಿನ ಮೇಲೆ ಪ್ರೀತಿಯಿಂದ ಒಂದು ಪುಸ್ತಕವನ್ನೇ ಬರೆದಿದ್ದಾರೆ. ಆದ್ರೆ ಕೈಯಲ್ಲಿ ಪೌರತ್ವ ಇಲ್ಲದಾಗಲೇ, ಕಪ್ಪು ಜನರೊಳಗೇ ಅಸ್ಪೃಶ್ಯತೆ ಇದೆ ಅಂತ ಬರೆದರಲ್ಲ, ಅದು ನನಗೆ ದೊಡ್ಡದು. ನಮ್ಮೊಳಗಿನ ಎಡ-ಬಲದ ಮಾತೆತ್ತಿದರೆ 'ಈಗ ಬೇಡ ಬ್ರದರ್' ಅನ್ನೋ ಸಂಗಾತಿಗಳು ಇದನ್ನ ಓದಬೇಕು.

ಒಂದು ತಕರಾರಿದೆ. ಮಾರ್ಗರೆಟ್ ಮನಸ್ಸಲ್ಲಿದ್ದವನು ಒಬ್ಬ, ಅವಳನ್ನ ಮದುವೆಯಾಗೋನು ಮುಖಂಡನ ಮನೆತನದ ಮಾರು. ಬಿಡುಗಡೆಗೂ ಗೌಡರ ಮಗನೇ ಬರಬೇಕಾ? ಈ ಬಗ್ಗೆ ಜಗಳ ಆಡೋಣ, ಮೊದಲು ಓದಿ. ಪುಸ್ತಕ ನನ್ನ ಹತ್ರ ಇದೆ. ದೊಡ್ಡಮಳೂರಿಗೆ ಬಂದು ತಗೊಂಡು ಹೋಗಿ, ವಾಪಸ್ ಮಾತ್ರ ಕೊಡಿ ಮಾರಾಯ್ರೇ.