ತಿದ್ದುವುದು ಬೇರೆ, ನಗುವುದು ಬೇರೆ

ಬಾಯಿಮಾತಿನಲ್ಲಿ ತಪ್ಪು ನುಸುಳಿದರೆ ಅದು ಗಾಳಿಯಲ್ಲಿ ಕರಗಿಹೋಗುತ್ತದೆ. ಕಾಗದದಲ್ಲಿ ಬರೆದರೆ ಕಾಗದ ಪಡೆದವನೊಬ್ಬನ ಕಣ್ಣಿಗೆ ಬೀಳುತ್ತದೆ. ಮೊಬೈಲಿನಲ್ಲಿ ನಾವು ದಿನವೂ ನಡೆಸುವ ಸಂಭಾಷಣೆಯಾದರೋ ಇವೆರಡರ ನಡುವಣ ಒಂದು ವಿಚಿತ್ರ ಸೃಷ್ಟಿ. ಅದನ್ನು ಆಡುವುದು ಮಾತಿನಂತೆ. ಅದು ಉಳಿಯುವುದು ಬರಹದಂತೆ. ನೋಡುವವರೋ ಒಂದು ಸಭೆಯಷ್ಟು ಮಂದಿ. ಇಂಥ ಸಂಭಾಷಣೆಯಲ್ಲಿ ಕಾಗುಣಿತ ವ್ಯಾಕರಣಗಳನ್ನು ಎಷ್ಟರಮಟ್ಟಿಗೆ ಪಾಲಿಸಬೇಕು, ಪಾಲಿಸಲಾರದವರನ್ನು ಹೇಗೆ ಕಾಣಬೇಕು ಎಂಬ ಪ್ರಶ್ನೆ ದಿನಕ್ಕೊಮ್ಮೆಯಾದರೂ ಏಳುತ್ತದೆ. ಪಂಡಿತರು ತೀರ್ಮಾನಿಸಬೇಕಾದ ವಿಷಯದಲ್ಲಿ ವಿದ್ಯಾರ್ಥಿಯೊಬ್ಬ ಬಾಯಿ ಹಾಕುವುದು ಅಧಿಕಪ್ರಸಂಗವೆನಿಸಬಹುದು. ಆದರೆ ಈ ವಿಷಯದಲ್ಲಿ ನಾನೇ ಒಂದು ಅಪರಾಧ ಮಾಡಿದ್ದೇನೆ. ಅದನ್ನು ಮೊದಲು ಒಪ್ಪಿಕೊಂಡು, ಅನಂತರ ನನಗೆ ತೋರಿದ ನಾಲ್ಕು ಮಾತುಗಳನ್ನು ಸಹಪಾಠಿಗಳ ಹಾಗೂ ಗುರುಗಳ ಮುಂದಿಡುತ್ತೇನೆ.

ಎಲ್ಲ ತರಗತಿಗಳಿಗೂ ಇರುವಂತೆ ನಮ್ಮ ತರಗತಿಗೂ ಒಂದು ವಾಟ್ಸಾಪ್ ಗುಂಪಿದೆ. ಕಳೆದ ವರ್ಷ ಒಂದು ಸಂಜೆ, ಸುಂಕದಕಟ್ಟೆಯ ಕಡೆಯಿಂದ ಕಾಲೇಜಿಗೆ ಬರುವ ಗೆಳೆಯನೊಬ್ಬ ಅದರಲ್ಲಿ ಹೀಗೆ ಬರೆದ: "ನಮ್ಮಪ್ಪಂಗೆ ಉಷಾರಿಲ್ಲ. ಹಾಸ್ಪತ್ರೆಗೆ ಸೇರ್ಸಿದೀವಿ. ಎರಡು ದಿನ ಬರಕ್ಕಾಗಲ್ಲ. ಅರ್ಥಶಾಸ್ತ್ರದ ನೋಟ್ಸ್ ಯಾರಾದ್ರೂ ಕಳ್ಸಿ." ನಾನು ಕೂಡಲೆ ಉತ್ತರ ಬರೆದೆ: "ಗುರು, ಆ ಹಕಾರನ ಆಸ್ಪತ್ರೆಯಿಂದ ಬಿಡಿಸ್ಕೊಂಡು ಬಂದು ಹುಷಾರಿಗೆ ಸೇರಿಸು." ಮಾತು ಚಮತ್ಕಾರವಾಗಿದೆಯೆಂದು ನನಗೆ ನಾನೇ ಮೆಚ್ಚಿಕೊಂಡೆ. ನಿಮಿಷದೊಳಗೆ ಇಪ್ಪತ್ತು ನಗುಮುಖಗಳು ಬಂದು ಸಾಲಾಗಿ ಕುಳಿತವು. ಅಂದು ರಾತ್ರಿಯವರೆಗೂ ಯಾರೊಬ್ಬರೂ ನೋಟ್ಸ್ ಕಳುಹಿಸಲಿಲ್ಲ. ತಂದೆಗೆ ಏನಾಗಿದೆಯೆಂದು ಯಾರೊಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಅಂದಿನಿಂದ ಆ ಗೆಳೆಯ ಗುಂಪಿನಲ್ಲಿ ಕನ್ನಡ ಅಕ್ಷರ ಬರೆದದ್ದನ್ನು ನಾನು ಕಂಡಿಲ್ಲ. ಬರೆದರೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೆರಡು ಮಾತು. ಇಲ್ಲವಾದರೆ ಹೆಬ್ಬೆರಳಿನ ಗುರುತು. ಕೆಲವು ತಿಂಗಳ ಮೇಲೆ ಕಾರಣ ಕೇಳಿದಾಗ, "ನಿನ್ ಕನ್ನಡ ಚೆನ್ನಾಗಿದೆ ಕಣೋ, ನಂದು ಸರಿ ಬರಲ್ಲ. ಇಂಗ್ಲಿಷಲ್ಲಿ ಆಕಿದ್ರೆ ಯಾರೂ ನಗಲ್ಲ" ಎಂದ. ಅವನ ಮಾತಿನಲ್ಲಿ ಕೋಪವಿರಲಿಲ್ಲ. ಲೆಕ್ಕ ಹಾಕಿ ನೋಡಿದವನ ನಿಶ್ಚಯವಿತ್ತು. ಅವನ ಲೆಕ್ಕವೂ ಸರಿಯಾದುದೇ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಕನ್ನಡಕ್ಕೆ ಕಾಗುಣಿತವೆಂಬುದೇ ಇಲ್ಲ. ಅಲ್ಲಿ ಲಕಾರ ಳಕಾರಗಳಿಗೆ ಭೇದವಿಲ್ಲ, ಹ್ರಸ್ವ ದೀರ್ಘಗಳ ಗೊಡವೆಯಿಲ್ಲ. ಆದಕಾರಣ ಅಲ್ಲಿ ತಪ್ಪೂ ಇಲ್ಲ, ನಗೆಯೂ ಇಲ್ಲ. ಕನ್ನಡ ಲಿಪಿಯನ್ನು ತಪ್ಪಾಗಿ ಬರೆದವನನ್ನು ನಾವು ಗೇಲಿ ಮಾಡುತ್ತೇವೆ. ಕನ್ನಡ ಲಿಪಿಯನ್ನೇ ತೊರೆದವನನ್ನು ಏನೂ ಅನ್ನುವುದಿಲ್ಲ. ಹೀಗಿರುವಲ್ಲಿ ಜನ ಯಾವ ದಾರಿ ಹಿಡಿದಾರು?

ಮನಸ್ಸಿಗೆ ಸಮಾಧಾನವಿಲ್ಲದೆ ಒಂದು ದಿನ ಹಂಪಿನಗರದ ಗ್ರಂಥಾಲಯದಲ್ಲಿ ಕುಳಿತು ನಿಘಂಟು ತೆರೆದೆ. ಹುಷಾರು ಎಂಬುದು ಪಾರಸಿಯಿಂದ ಬಂದ ಪದ. ಆಸ್ಪತ್ರೆ ಎಂಬುದು ಹಾಸ್ಪಿಟಲ್ ಎಂಬ ಪರದೇಶದ ಪದ ನಮ್ಮವರ ನಾಲಿಗೆಯಲ್ಲಿ ಹೊರಳಿ ಆದದ್ದು. ಎಂದರೆ ಆಸ್ಪತ್ರೆಗೂ ಮೂಲದಲ್ಲಿ ಹಕಾರದ ಸದ್ದಿತ್ತು. ಹಿಂದಿನವರು ಅದನ್ನು ನುಂಗಿಕೊಂಡರು. ನುಂಗಿಕೊಂಡದ್ದೇ ಶುದ್ಧರೂಪವೆಂದು ನಿಂತಿತು. ನನ್ನ ಗೆಳೆಯ ಒಂದು ಕಡೆ ಅದೇ ಕೆಲಸ ಮಾಡಿದ್ದ, ಇನ್ನೊಂದು ಕಡೆ ಕಳೆದುಹೋದ ಹಕಾರವನ್ನು ಮರಳಿ ತಂದಿದ್ದ. ಆದರೂ ಅವನು ತಪ್ಪು, ನಾನು ಸರಿ. ಇದು ರೂಢಿಯ ತೀರ್ಪು. ಬುದ್ಧಿಯ ಹೆಚ್ಚುಕಡಿಮೆಗೂ ಇದಕ್ಕೂ ಸಂಬಂಧವಿಲ್ಲ.

ಇನ್ನೂ ಒಂದು ಸಂಗತಿ ಆಗ ಹೊಳೆಯಿತು. ಉಷಾರು ಎಂಬುದು ನಾಲಿಗೆಯ ತಪ್ಪು. ಹಾಸ್ಪತ್ರೆ ಎಂಬುದು ಅಂಜಿಕೆಯ ತಪ್ಪು. ತನ್ನ ಬಾಯಲ್ಲಿ ಹಕಾರ ಜಾರುತ್ತದೆಂದು ಬಲ್ಲವನು, ಜನ ನಕ್ಕಾರೆಂದು ಹೆದರಿ, ಬೇಡದ ಕಡೆಯೂ ಅದನ್ನು ಎತ್ತಿ ಇಡುತ್ತಾನೆ. ಸರಿಯಾಗಿ ಬರೆಯಬೇಕೆಂಬ ಆಸೆಯಿಂದಲೇ ಹುಟ್ಟಿದ ತಪ್ಪು ಅದು. ನಾವು ಅತಿ ಹೆಚ್ಚು ನಗುವುದು ಇಂಥ ತಪ್ಪಿಗೇ.

ನಮ್ಮ ಸೀಮೆಯ ನಾಲಿಗೆಯ ವಿಚಾರವನ್ನು ಇಲ್ಲಿ ಸ್ವಲ್ಪ ಹೇಳಬೇಕು. ಬೆಂಗಳೂರು, ಮಾಗಡಿ, ಮಂಡ್ಯದ ಕಡೆಯ ಹಳ್ಳಿಮಾತಿನಲ್ಲಿ ಪದದ ಮೊದಲ ಹಕಾರ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಹಾಲು ಆಲಾಗುತ್ತದೆ, ಹಣ್ಣು ಅಣ್ಣಾಗುತ್ತದೆ, ವಿಜಯನಗರದ ಪಕ್ಕದ ಹೊಸಹಳ್ಳಿ ಬಸ್ಸಿನೊಳಗೆ ಒಸಳ್ಳಿಯಾಗುತ್ತದೆ. ಇದನ್ನು ಬರಿಯ ಅಜ್ಞಾನವೆನ್ನುವವರು ಹಳಗನ್ನಡದ ಪಾಠವನ್ನು ಮರೆತಿರಬೇಕು. ಹಾಲು ಮೊದಲು ಪಾಲ್ ಆಗಿತ್ತು. ಹಣ್ಣು ಪಣ್, ಹಳ್ಳಿ ಪಳ್ಳಿ, ಹೊಸತು ಪೊಸತು. ಜನರ ಬಾಯಲ್ಲಿ ಪಕಾರ ಸವೆದು ಹಕಾರವಾಯಿತು. ನಡುಗನ್ನಡದ ಕಾಲದಲ್ಲಿ ಅದೇ ಸಾಧುರೂಪವಾಗಿ ನೆಲೆನಿಂತಿತು. ಹತ್ತನೆಯ ಶತಮಾನದ, ಪಂಪನ ಕಾಲದ ಪಂಡಿತನೊಬ್ಬ ಇಂದು ಎದ್ದು ಬಂದರೆ ನಾವು ಹೆಮ್ಮೆಯಿಂದ ಬರೆಯುವ 'ಹಾಲು' ಎಂಬ ಪದದ ಕೆಳಗೂ ಕೆಂಪು ಗೆರೆ ಎಳೆದಾನು. ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟವರು 'ಆಲು' ಎನ್ನುವವರು, ಅಷ್ಟೆ.

ನಮ್ಮ ಪ್ರಾಚೀನರು ಇದನ್ನು ಅರಿಯದವರಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿಯೇ, ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಕನ್ನಡಗಳ ದೋಷಗಳನ್ನು ಎಣಿಸಹೊರಟರೆ ವಾಸುಕಿಗೂ ಬೇಸರವಾದೀತೆಂಬ ಭಾವದ ಮಾತಿದೆ. ಸುಮಾರು ೧೨೬೦ರಲ್ಲಿ ಶಬ್ದಮಣಿದರ್ಪಣವನ್ನು ರಚಿಸಿದ ಕೇಶಿರಾಜನು ೞ ಎಂಬ ಅಕ್ಷರವುಳ್ಳ ಪದಗಳ ಪಟ್ಟಿಯನ್ನೇ ಕೊಡಬೇಕಾಯಿತು. ಆ ವೇಳೆಗೆ ಜನರ ಬಾಯಲ್ಲಿ ಅದು ಬೇರೆ ಅಕ್ಷರಗಳೊಡನೆ ಬೆರೆತುಹೋಗಿತ್ತು. ಕೇಶಿರಾಜನ ಪಟ್ಟಿ ಉಳಿಯಿತು, ಅಕ್ಷರ ಉಳಿಯಲಿಲ್ಲ.

ಹಾಗಾದರೆ ಯಾರು ಹೇಗೆ ಬರೆದರೂ ಸರಿಯೇ ಎಂದು ಗುರುಗಳು ಕೇಳಬಹುದು. ಖಂಡಿತ ಅಲ್ಲ. ಕನ್ನಡಿಗರು ಉಚ್ಚರಿಸದ ಮಹಾಪ್ರಾಣಗಳನ್ನು ಬರಹದಿಂದಲೇ ಬಿಟ್ಟುಬಿಡಬಹುದೆಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ವಾದಿಸಿದ್ದಾರೆ. ತಮ್ಮ ಅನೇಕ ಪುಸ್ತಕಗಳನ್ನು ಹಾಗೆಯೇ ಬರೆದೂ ತೋರಿಸಿದ್ದಾರೆ. ಅವರ ವಾದದಲ್ಲಿ ತಥ್ಯವಿದೆ. ಆದರೆ ಪರೀಕ್ಷೆಯ ಉತ್ತರಪತ್ರಿಕೆ, ಕಚೇರಿಯ ಅರ್ಜಿ, ನ್ಯಾಯಾಲಯದ ಕಾಗದ ಇವೆಲ್ಲ ಹಳೆಯ ಕಾಗುಣಿತದಲ್ಲಿಯೇ ನಡೆಯುತ್ತಿರುವಾಗ, ಅದನ್ನು ಕಲಿಯದೆ ಬಿಟ್ಟರೆ ನಷ್ಟ ಯಾರಿಗೆ? ಓದಿದವರ ಮನೆಯ ಮಕ್ಕಳಿಗೆ ಕಾಗುಣಿತ ಊಟದ ಜೊತೆಯಲ್ಲೇ ಬರುತ್ತದೆ. ನನ್ನಂತೆ ಮನೆಯಲ್ಲಿ ಮೊದಲ ಬಾರಿಗೆ ಪದವಿಯ ಮೆಟ್ಟಿಲು ಹತ್ತಿದವರಿಗೆ ಅದು ಶಾಲೆ ಕಾಲೇಜುಗಳಲ್ಲಿ ದೊರಕದಿದ್ದರೆ ಮತ್ತೆಲ್ಲಿಯೂ ದೊರಕುವುದಿಲ್ಲ. 'ಪಾಪ, ಅವರ ಭಾಷೆಯೇ ಹಾಗೆ' ಎಂದು ತಿದ್ದದೆ ಬಿಡುವ ಔದಾರ್ಯವು ನಗುವುದಕ್ಕಿಂತ ಮೆದುವಾದದ್ದು, ನಿಜ. ಆದರೆ ಕೊನೆಗೆ ಅದೂ ನಮ್ಮನ್ನು ಬಾಗಿಲ ಹೊರಗೇ ನಿಲ್ಲಿಸುತ್ತದೆ.

ಆದಕಾರಣ ತಪ್ಪುಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದು ನನ್ನ ಅಭಿಪ್ರಾಯ. ಮೊಬೈಲಿನ ಬರಹದಲ್ಲಿ ಮೂರು ಬಗೆಯ ತಪ್ಪುಗಳಿವೆ. ಮೊದಲನೆಯದು, ಈಗ ಹೇಳಿದ ನಾಲಿಗೆಯ ತಪ್ಪು. ಅದಕ್ಕೆ ಬೇಕಾದದ್ದು ಕಲಿಸುವ ತಾಳ್ಮೆ.

ಎರಡನೆಯದು ಯಂತ್ರದ ತಪ್ಪು. ನುಡಿ ತಂತ್ರಾಂಶದಲ್ಲಿ ಬಳಸುವ, ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯಲ್ಲಿ ಕಕಾರಕ್ಕೂ ಖಕಾರಕ್ಕೂ ಕೀಲಿ ಒಂದೇ. ಜೊತೆಗೆ ಶಿಫ್ಟ್ ಒತ್ತಿದರೆ ಮಹಾಪ್ರಾಣ. ನಕಾರ ಣಕಾರಗಳೂ, ಲಕಾರ ಳಕಾರಗಳೂ ಹಾಗೆಯೇ. ಬೆರಳು ಅರೆಗಳಿಗೆ ತಡವಾದರೆ 'ಹಣ' ಹೋಗಿ 'ಹನ'ವಾಗುತ್ತದೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ಮೊಬೈಲಿನ ಕೀಲಿಮಣೆಯಲ್ಲಂತೂ ನಾವು ಬರೆದದ್ದು ಒಂದು, ಯಂತ್ರ ಊಹಿಸಿದ್ದು ಇನ್ನೊಂದು. ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಬರೆದವನ ವ್ಯಾಕರಣವನ್ನು ಪರೀಕ್ಷಿಸುವುದು ನ್ಯಾಯವಲ್ಲ. ಅರ್ಥವಾಯಿತೇ? ಅಷ್ಟು ಸಾಕು.

ಮೂರನೆಯದು ಉದಾಸೀನದ ತಪ್ಪು. ತಾನು ಬರೆದದ್ದನ್ನು ತಾನೇ ಓದಿ ನೋಡದೆ, ಓದುವವರ ಹೊತ್ತಿಗೆ ಬೆಲೆ ಕೊಡದೆ, ಹಲವರ ಮುಂದಿಡುವುದು. ನಿಷ್ಠುರವಾಗಿ ಖಂಡಿಸತಕ್ಕದ್ದು ಇದನ್ನು. ನಡೆದ ಉದಾಹರಣೆಯೇ ಇದೆ. ೨೦೨೪ರ ಆಗಸ್ಟ್ ೨೭ರಂದು ಕರ್ನಾಟಕ ಲೋಕಸೇವಾ ಆಯೋಗವು ನಡೆಸಿದ ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ, ಇಂಗ್ಲಿಷಿನಿಂದ ಕನ್ನಡಕ್ಕೆ ತಂದ ಪ್ರಶ್ನೆಗಳು ದೋಷಭರಿತವಾಗಿದ್ದುವೆಂದು ಕನ್ನಡ ಮಾಧ್ಯಮದ ಅಭ್ಯರ್ಥಿಗಳು ದೂರಿದರು. ಸರ್ಕಾರವು ಮರುಪರೀಕ್ಷೆಗೆ ಸೂಚಿಸಿತು. ಡಿಸೆಂಬರ್ ೨೯ರಂದು ನಡೆದ ಆ ಮರುಪರೀಕ್ಷೆಯಲ್ಲಿಯೂ ಮತ್ತೆ ಅನುವಾದದ ದೋಷಗಳು ಕಂಡುಬಂದು ಪ್ರತಿಭಟನೆಗಳಾದುವು. ಅಲ್ಲಿ ತಪ್ಪಿದ ಒಂದು ಪದ ಒಬ್ಬನ ಅಂಕವನ್ನು, ಅಂಕದೊಡನೆ ಉದ್ಯೋಗವನ್ನು ಕಸಿದುಕೊಳ್ಳಬಲ್ಲದು. ಶುದ್ಧತೆಯ ಮೇಲೆ ನಮಗಿರುವ ಅಭಿಮಾನವನ್ನೆಲ್ಲ ಇಂಥ ಕಡೆ ಖರ್ಚುಮಾಡಿದರೆ ಸಾರ್ಥಕ. ನಾವಾದರೋ ದೊಡ್ಡವರ ದೊಡ್ಡ ತಪ್ಪನ್ನು ಎರಡು ದಿನ ಮಾತಾಡಿ ಮರೆಯುತ್ತೇವೆ. ಬಡವನ ಹಕಾರವನ್ನು ವರ್ಷವಿಡೀ ನೆನಪಿಡುತ್ತೇವೆ.

ಇದರಿಂದ ಒಂದು ಸೂತ್ರ ಹೊರಡುತ್ತದೆ. ಓದುವವರು ಹೆಚ್ಚಿದಷ್ಟೂ, ಬರೆದವನ ಅಧಿಕಾರ ದೊಡ್ಡದಾದಷ್ಟೂ ಕಾಗುಣಿತದ ಹೊಣೆ ಹೆಚ್ಚು. ಇಬ್ಬರು ಗೆಳೆಯರ ಹರಟೆಗೆ ಆ ಹೊಣೆ ಅಷ್ಟಾಗಿ ಇಲ್ಲ. ತರಗತಿಯ ಗುಂಪಿಗೆ ಸ್ವಲ್ಪ ಇದೆ. ರಾಜ್ಯೋತ್ಸವದ ಆಹ್ವಾನಪತ್ರಿಕೆ, ಸೂಚನಾಫಲಕ, ಪ್ರಶ್ನೆಪತ್ರಿಕೆಗಳಿಗೆ ಪೂರ್ತಿಯಾಗಿ ಇದೆ. ಅವು ಇಬ್ಬರ ಕಣ್ಣಿಗೆ ಬೀಳದೆ ಹೊರಗೆ ಹೋಗಕೂಡದು.

ತಿದ್ದುವ ಬಗೆಗೆ ನಮ್ಮಲ್ಲಿ ಒಳ್ಳೆಯ ಮೇಲ್ಪಂಕ್ತಿಯಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಪ್ರಧಾನ ಸಂಪಾದಕರಾಗಿದ್ದ ಜಿ. ವೆಂಕಟಸುಬ್ಬಯ್ಯನವರು ೧೯೯೧ರಿಂದ ಪ್ರಜಾವಾಣಿಯಲ್ಲಿ 'ಇಗೋ ಕನ್ನಡ' ಎಂಬ ಅಂಕಣವನ್ನು ಬಹುಕಾಲ ಬರೆದರು. ಯಾವ ರೂಪ ಸರಿ, ಈ ಪದ ಎಲ್ಲಿಂದ ಬಂತು ಎಂದು ಓದುಗರು ಕೇಳುವರು, ಅವರು ಉತ್ತರಿಸುವರು. ನೂರೇಳು ವರ್ಷ ಬಾಳಿ ೨೦೨೧ರಲ್ಲಿ ತೀರಿಕೊಂಡ ಆ ಹಿರಿಯರ ಮುಂದೆ ತಮ್ಮ ಸಂದೇಹ ಹೇಳಿಕೊಳ್ಳಲು ಜನ ಹಿಂಜರಿಯಲಿಲ್ಲ. ಕೇಳಿದರೆ ನಕ್ಕಾರೆಂಬ ಭಯವಿದ್ದಿದ್ದರೆ ಅಂಥ ಅಂಕಣ ವರ್ಷಗಟ್ಟಲೆ ನಡೆಯುತ್ತಿತ್ತೇ?

ಅಷ್ಟು ದೂರ ಹೋಗುವುದೂ ಬೇಡ. ಹೈಸ್ಕೂಲು ಸೇರುವವರೆಗೆ ನಾನೂ 'ಆಲು, ಅಣ್ಣು' ಎನ್ನುತ್ತಿದ್ದವನೇ. ನಮ್ಮ ಮನೆಯಲ್ಲಿ ಇಂದಿಗೂ ಹಾಗೆಯೇ. ಎಂಟನೆಯ ತರಗತಿಯಲ್ಲಿ ಕನ್ನಡದ ಮೇಷ್ಟ್ರು ಒಂದು ದಿನ ಎಲ್ಲರೂ ಆಟಕ್ಕೆ ಹೋದ ಮೇಲೆ ನನ್ನೊಬ್ಬನನ್ನು ನಿಲ್ಲಿಸಿಕೊಂಡು, "ಅಂಗೈಯನ್ನು ಬಾಯಿ ಮುಂದೆ ಹಿಡ್ಕೋ. ಈಗ ಹಾಲು ಅನ್ನು. ಬಿಸಿ ಉಸಿರು ತಾಗ್ತಾ? ತಾಗಿದ್ರೆ ಹ, ಇಲ್ದಿದ್ರೆ ಅ" ಎಂದರು. ಹತ್ತು ನಿಮಿಷದ ಕೆಲಸ. ಮನೆಯ ಮಾತು ಕೆಟ್ಟದ್ದೆಂದು ಅವರು ಹೇಳಲಿಲ್ಲ. ಬರೆಯುವಾಗ ಹೀಗೆ ಎಂದರು, ಅಷ್ಟೆ. ತರಗತಿಯ ನಡುವೆ ನಿಲ್ಲಿಸಿ ನಗಿಸಿದ್ದರೆ ನಾನು ಇಂದು ಕನ್ನಡದಲ್ಲಿ ಈ ಲೇಖನವನ್ನು ಬರೆಯುತ್ತಿರಲಿಲ್ಲ. ಆ ಅಂಗೈಯ ಪಾಠವನ್ನು ಉಚಿತವಾಗಿ ಪಡೆದ ನಾನು, ಅದನ್ನು ಗೆಳೆಯನಿಗೆ ದಾಟಿಸುವ ಬದಲು ಅದರಿಂದ ಅವನನ್ನು ಹೊಡೆದೆ. ನನ್ನ ಅಪರಾಧ ಅದೇ.

ಸಹಪಾಠಿಗಳಲ್ಲಿ ನನ್ನ ಬಿನ್ನಹ ದೊಡ್ಡದೇನೂ ಅಲ್ಲ. ತಿದ್ದಬೇಕೆನಿಸಿದರೆ ಗುಂಪಿನಲ್ಲಿ ಬೇಡ. ಅವನೊಬ್ಬನಿಗೆ ಬರೆಯಿರಿ, ಕಾರಣವನ್ನೂ ಹೇಳಿ. ಕನ್ನಡ ಸಂಘದವರು ವಾರಕ್ಕೊಂದು ಗಂಟೆ, ಅರ್ಜಿಯನ್ನೋ ಆಹ್ವಾನವನ್ನೋ ತಂದವರಿಗೆ ತಿದ್ದಿಕೊಡುವ ಏರ್ಪಾಡು ಮಾಡಿದರೆ, ನವೆಂಬರಿನ ಮೆರವಣಿಗೆಗಿಂತ ಅದು ಕನ್ನಡಕ್ಕೆ ಹೆಚ್ಚಿನ ಸೇವೆಯಾದೀತು.

ಗೆಳೆಯನ ತಂದೆ ಗುಣಮುಖರಾಗಿದ್ದಾರೆ. ನಾನು ಕ್ಷಮೆ ಕೇಳಿದ್ದೇನೆ, "ಬಿಡೋ" ಎಂದಿದ್ದಾನೆ. ಆದರೆ ಅವನಿಂದ ಗುಂಪಿಗೆ ಕನ್ನಡದಲ್ಲಿ ಒಂದು ಸಾಲು ಇನ್ನೂ ಬಂದಿಲ್ಲ. ಬಂದ ದಿನ, ಅದರಲ್ಲಿ ಎಷ್ಟು ತಪ್ಪಿದ್ದರೂ, ಮೊದಲು ಅವನು ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ತಿದ್ದುಪಡಿ ಆಮೇಲೆ.