ಓದು ಮುಗಿಸಿದ ಮಕ್ಕಳ ಬ್ಯಾಂಕ್ ಲೆಕ್ಕವೂ ಮನೆಯ ಲೆಕ್ಕವೇ

ಕಾಫಿಯ ಔಟ್‌ಟರ್ನ್ ಮೂಟೆಗೆ ಅರ್ಧ ಕಿಲೋ ಕಡಿಮೆ ಬಂತೆಂದರೆ ಕ್ಯೂರಿಂಗ್ ವರ್ಕ್ಸ್‌ಗೆ ಹೋಗಿ ಕೇಳದೆ ಬಿಡುವವರು ನಮ್ಮಲ್ಲಿ ಕಡಿಮೆ. ಅಡಿಕೆ ಮಂಡಿಯ ತೂಕದ ಚೀಟಿಯನ್ನು ಎರಡು ಸಲ ನೋಡದೆ ಜೇಬಿಗಿಳಿಸುವವರೂ ಕಡಿಮೆ. ಅದೇ ನಾವು, ಬ್ಯಾಂಕಿನ ಪಾಸ್ ಪುಸ್ತಕದಲ್ಲಿ ನೂರಿನ್ನೂರು ರೂಪಾಯಿ ಖರ್ಚು ಬಿದ್ದಿದ್ದರೆ ‘ಅವರದೇನೋ ಕಾನೂನು ಇರಬೇಕು’ ಎಂದು ಸುಮ್ಮನಾಗುತ್ತೇವೆ. ಈ ಸುಮ್ಮನಿರುವ ಅಭ್ಯಾಸ ನಮ್ಮ ಓದಿದ ಮಕ್ಕಳಿಗೂ ಬಂದಿರುವುದನ್ನು ಕಂಡು ಈ ನಾಲ್ಕು ಮಾತು ಬರೆಯುತ್ತಿದ್ದೇವೆ.

ಕಳೆದ ಹಂಗಾಮಿನಲ್ಲಿ ನಮ್ಮ ಸದಸ್ಯರೊಬ್ಬರು ಮಗನ ಪಾಸ್ ಪುಸ್ತಕ ಹಿಡಿದು ಸಂಘದ ಕಚೇರಿಗೆ ಬಂದರು. ಹುಡುಗ ಪದವಿ ಮುಗಿಸಿ ತೋಟಕ್ಕೆ ಮರಳಿ ಒಂದೂವರೆ ವರ್ಷವಾಗಿತ್ತು. ಕಾಲೇಜು ಸೇರುವಾಗ ವಿದ್ಯಾರ್ಥಿವೇತನಕ್ಕೆಂದು ತೆರೆದಿದ್ದ ಖಾತೆ ಅದು. ಆಗ ಕನಿಷ್ಠ ಶಿಲ್ಕಿನ ಗೊಡವೆ ಇರಲಿಲ್ಲ. ಓದು ಮುಗಿದ ಮೇಲೆ ಬ್ಯಾಂಕಿನವರು ಅದನ್ನು ಸಾಮಾನ್ಯ ಉಳಿತಾಯ ಖಾತೆಯಾಗಿ ಬದಲಾಯಿಸಿದ್ದರು. ಇದ್ದ ನಾನೂರು ಚಿಲ್ಲರೆ ರೂಪಾಯಿ ಕನಿಷ್ಠ ಶಿಲ್ಕಿನ ದಂಡದಲ್ಲಿಯೇ ಕರಗಿತು. ದಂಡ ಅಲ್ಲಿಗೆ ನಿಲ್ಲದೆ, ಶಿಲ್ಕಿನ ಮುಂದೆ ಮೈನಸ್ ಗುರುತು ಬಿದ್ದು ಎರಡು ಸಾವಿರ ದಾಟಿತು. ತೋಟದ ಒಂದು ತುಂಡನ್ನು ತಂದೆ ಮಗನ ಹೆಸರಿಗೆ ಮಾಡಿದ್ದರು. ಅದರ ಬೆಳೆ ವಿಮೆಯ ಹಣ, ಆಧಾರ್ ಜೋಡಣೆಯಾಗಿದ್ದ ಅದೇ ಹಳೆಯ ಖಾತೆಗೆ ಜಮೆಯಾದಾಗ ಬ್ಯಾಂಕು ತನ್ನ ಬಾಕಿಯನ್ನು ಮೊದಲು ಮುರಿದುಕೊಂಡಿತು. ಹುಡುಗನಿಗೆ ಮೈನಸ್ಸಿನ ವಿಷಯ ಮೊದಲೇ ಗೊತ್ತಿತ್ತು. ಅಪ್ಪನ ಮುಂದೆ ಹೇಳಲು ನಾಚಿಕೆಯಾಗಿ ತಿಂಗಳುಗಟ್ಟಲೆ ಮುಚ್ಚಿಟ್ಟಿದ್ದ.

ನಾವು ನಿಯಮವನ್ನು ತೆಗೆದು ನೋಡಿದೆವು. ರಿಸರ್ವ್ ಬ್ಯಾಂಕು 2014ರ ನವೆಂಬರಿನಲ್ಲಿ ಬ್ಯಾಂಕುಗಳಿಗೆ ಒಂದು ಸುತ್ತೋಲೆ ಕಳುಹಿಸಿತು. ಅದು 2015ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದರ ಪ್ರಕಾರ, ಶಿಲ್ಕು ಕಡಿಮೆಯಾದರೆ ಗ್ರಾಹಕನಿಗೆ ಎಸ್.ಎಂ.ಎಸ್., ಇ-ಮೇಲ್ ಅಥವಾ ಪತ್ರದ ಮೂಲಕ ಮೊದಲು ತಿಳಿಸಬೇಕು. ಸರಿಪಡಿಸಲು ಒಂದು ತಿಂಗಳ ಅವಕಾಶ ಕೊಡಬೇಕು. ದಂಡವು ಕೊರತೆ ಬಿದ್ದ ಮೊತ್ತಕ್ಕೆ ತಕ್ಕಂತಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೇವಲ ಈ ದಂಡದಿಂದಾಗಿ ಉಳಿತಾಯ ಖಾತೆಯ ಶಿಲ್ಕು ಸೊನ್ನೆಗಿಂತ ಕೆಳಗೆ ಇಳಿಯಬಾರದು. ಅಂದಮೇಲೆ ಆ ಹುಡುಗನ ಮೈನಸ್ ಶಿಲ್ಕು ಅವನು ಮಾಡಿದ ಸಾಲವೇ ಅಲ್ಲ. ಇಷ್ಟನ್ನು ಬರೆದು ಶಾಖೆಗೆ ಅರ್ಜಿ ಕೊಟ್ಟ ಮೇಲೆ, ಸೊನ್ನೆಗಿಂತ ಕೆಳಗೆ ಹಾಕಿದ್ದ ಮೊತ್ತವೆಲ್ಲ ಮರಳಿ ಜಮೆಯಾಯಿತು. ಮೊದಲಿನ ನಾನೂರು ರೂಪಾಯಿ ಮಾತ್ರ ಬರಲಿಲ್ಲ. ಅದರ ನೋಟೀಸು ಹುಡುಗ ಹಾಸ್ಟೆಲಿನಲ್ಲಿದ್ದಾಗಿನ ಮೊಬೈಲ್ ಸಂಖ್ಯೆಗೆ ಹೋಗಿತ್ತು, ಸಂಖ್ಯೆ ಬದಲಾದುದನ್ನು ಅವನು ಬ್ಯಾಂಕಿಗೆ ತಿಳಿಸಿರಲಿಲ್ಲ. ಆ ತಪ್ಪು ನಮ್ಮ ಕಡೆಯದೇ ಎಂದು ಒಪ್ಪಿಕೊಂಡೆವು.

ಇನ್ನೊಂದು ಬಗೆಯದು, ಕೇಳಿ ಪಡೆದ ಓವರ್‌ಡ್ರಾಫ್ಟ್. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮಕ್ಕಳಿಗೆ ಸಂಬಳದ ಖಾತೆಯ ಮೇಲೆ ಈ ಸೌಲಭ್ಯ ಸಿಗುವುದುಂಟು. ಮನೆಯ ಅಡ್ವಾನ್ಸ್ ಕೊಡಲು ಅದರಿಂದ ತೆಗೆಯುತ್ತಾರೆ. ಖಾತೆಯಲ್ಲಿ ಕಾಣುವ ಆ ಮಿತಿ ನಮ್ಮ ಹಣವಲ್ಲ, ಸಾಲ ಎಂಬುದನ್ನು ಮರೆಯಬಾರದು. ಇದರ ಬಡ್ಡಿಯನ್ನು ದಿನದ ಲೆಕ್ಕದಲ್ಲಿ ಹಾಕುತ್ತಾರೆ. ಶೇಕಡಾ 12ರ ದರದಲ್ಲಿ 20,000 ರೂಪಾಯಿಯನ್ನು 15 ದಿನ ಬಳಸಿದರೆ ಬಡ್ಡಿ ಸುಮಾರು 99 ರೂಪಾಯಿ. ಇದನ್ನು ಯಾರು ಬೇಕಾದರೂ ಕಾಗದದ ಮೇಲೆ ತಾಳೆ ನೋಡಬಹುದು. ಬಡ್ಡಿಗೆ ಜಿ.ಎಸ್.ಟಿ. ಇಲ್ಲ, ಬ್ಯಾಂಕಿನ ಸೇವಾ ಶುಲ್ಕಗಳಿಗೆ ಶೇಕಡಾ 18 ಉಂಟು. ಆದ್ದರಿಂದ ಯಾವುದು ಬಡ್ಡಿ, ಯಾವುದು ಶುಲ್ಕ ಎಂದು ಬಾಬ್ತುವಾರು ಬೇರ್ಪಡಿಸಿ ಕೇಳಬೇಕು.

ಬಳಸಿದ ಹಣದ ಬಡ್ಡಿಯನ್ನು ಕೊಡಲೇಬೇಕು, ಅದರಲ್ಲಿ ತಕರಾರು ಸಲ್ಲದು. ಆದರೆ ತಪ್ಪಿದ ಕಂತಿನ ದಂಡಕ್ಕೆ ಮಿತಿ ಇದೆ. 2023ರ ಆಗಸ್ಟ್ 18ರ ರಿಸರ್ವ್ ಬ್ಯಾಂಕ್ ಸುತ್ತೋಲೆಯಂತೆ, ದಂಡವನ್ನು ಬಡ್ಡಿಯ ದರಕ್ಕೆ ಸೇರಿಸುವಂತಿಲ್ಲ. ದಂಡದ ಮೇಲೆ ಮತ್ತೆ ಬಡ್ಡಿ ಹಾಕುವಂತೆಯೂ ಇಲ್ಲ. ಎಷ್ಟು ದಂಡ, ಏತಕ್ಕೆ ಎಂಬುದನ್ನು ಸಾಲದ ಪತ್ರದಲ್ಲಿಯೇ ತಿಳಿಸಿರಬೇಕು. ಹೊಸ ಸಾಲಗಳಿಗೆ ಇದು 2024ರ ಏಪ್ರಿಲ್ 1ರಿಂದ ಅನ್ವಯವಾಗಿದೆ.

ತಕರಾರು ಮಾಡುವುದೆಂದರೆ ಕೌಂಟರಿನಲ್ಲಿ ನಿಂತು ಗುಮಾಸ್ತರೊಡನೆ ಜಗಳವಾಡುವುದಲ್ಲ. ಅವರು ನಿಯಮ ಮಾಡಿದವರೂ ಅಲ್ಲ. ಮೊದಲು ಖಾತೆಯ ಪೂರ್ತಿ ವಿವರ ತೆಗೆಸಿ, ಅರ್ಥವಾಗದ ಪ್ರತಿಯೊಂದು ಸಾಲಿಗೂ ಗುರುತು ಹಾಕಿಕೊಳ್ಳಿ. ತಾರೀಖು, ಮೊತ್ತ, ಏಕೆ ಒಪ್ಪುವುದಿಲ್ಲ, ಎಷ್ಟು ವಾಪಸು ಬೇಕು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಮ್ಯಾನೇಜರರಿಗೆ ಕೊಡಿ. ನಕಲಿನ ಮೇಲೆ ಮೊಹರು ಮತ್ತು ತಾರೀಖು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ತಡಮಾಡದೆ ದೂರು ಕೊಡಬಹುದು. 2021ರ ನವೆಂಬರ್ 12ರಂದು ಹಿಂದಿನ ಬೇರೆ ಬೇರೆ ಯೋಜನೆಗಳನ್ನು ಒಂದುಗೂಡಿಸಿದ್ದರಿಂದ ದೂರು ಕೊಡುವುದು ಸುಲಭವಾಗಿದೆ. ಇದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ವಿವರ ಕೇಳಲು 14448ಕ್ಕೆ ಫೋನು ಮಾಡಬಹುದು.

ಇಲ್ಲಿ ನಮ್ಮದೊಂದು ಅಭಿಪ್ರಾಯವನ್ನೂ ಹೇಳಬೇಕು. ತಿಂಗಳ ಸರಾಸರಿ ಶಿಲ್ಕು ಎಂಬ ಕಟ್ಟಳೆ ತಿಂಗಳ ಸಂಬಳದವರಿಗೆ ಹೊಂದೀತು. ಕೊಯ್ಲಿನ ಕಾಲದಲ್ಲಿ ಹಣ ಕಂಡು, ಮಳೆಗಾಲವನ್ನು ಕೈಸಾಲದಲ್ಲಿ ಕಳೆಯುವ ಬೆಳೆಗಾರನಿಗೆ ಅದು ಹೊಂದುವುದಿಲ್ಲ. ಸ್ಟೇಟ್ ಬ್ಯಾಂಕು 2020ರಲ್ಲಿ, ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ ಬ್ಯಾಂಕು 2025ರ ಜೂನ್ 1ರಿಂದ, ಉಳಿತಾಯ ಖಾತೆಗಳಿಗೆ ಈ ದಂಡವನ್ನು ಕೈಬಿಟ್ಟವು. ದಂಡವಿಲ್ಲದೆಯೂ ಬ್ಯಾಂಕು ನಡೆಯುತ್ತದೆಂದು ಇದರಿಂದ ತಿಳಿಯುತ್ತದೆ. ಉಳಿದ ಬ್ಯಾಂಕುಗಳೂ ಹೀಗೆಯೇ ಮಾಡಬೇಕು. ಅಲ್ಲಿಯವರೆಗೆ, ಓದು ಮುಗಿಸಿದ ಮಕ್ಕಳು ಬೇಡದ ಖಾತೆಯನ್ನು ಮುಚ್ಚಿಸಲಿ, ಇಲ್ಲವೇ ಕನಿಷ್ಠ ಶಿಲ್ಕು ಬೇಡದ ಮೂಲ ಉಳಿತಾಯ ಖಾತೆಯಾಗಿ ಬದಲಾಯಿಸಲು ಅರ್ಜಿ ಕೊಡಲಿ.

ನಮ್ಮಂಥ ಪ್ರಾಥಮಿಕ ಸಹಕಾರ ಸಂಘಗಳು ಒಂಬುಡ್ಸ್‌ಮನ್ನರ ವ್ಯಾಪ್ತಿಗೆ ಬರುವುದಿಲ್ಲ. ಹಾಗೆಂದು ನಾವು ಲೆಕ್ಕ ಕೊಡದೆ ಇರಬಹುದೆಂದಲ್ಲ. ಸಂಘದ ಖಾತೆಯಲ್ಲಿ ಅರ್ಥವಾಗದ ಖರ್ಚು ಕಂಡರೆ ಮೊದಲು ನಮ್ಮನ್ನೇ ಕೇಳಿ.

ತಂದೆತಾಯಂದಿರಲ್ಲಿ ಕೊನೆಯದಾಗಿ ಒಂದು ವಿನಂತಿ. ಮೈನಸ್ ಶಿಲ್ಕು ಕಂಡೊಡನೆ ಮಕ್ಕಳ ಮೇಲೆ ರೇಗಬೇಡಿ. ರೇಗುತ್ತಾರೆಂಬ ಹೆದರಿಕೆಯಿಂದಲೇ ಅವರು ಮುಚ್ಚಿಡುವುದು, ಮುಚ್ಚಿಟ್ಟಷ್ಟು ದಿನವೂ ಅದು ಬೆಳೆಯುವುದು. ಈ ಸಲದ ಪಾವತಿಗೆಂದು ಸಂಘಕ್ಕೆ ಬರುವಾಗ ಅವರನ್ನೂ ಅವರ ಪಾಸ್ ಪುಸ್ತಕವನ್ನೂ ಜೊತೆಗೆ ಕರೆತನ್ನಿ. ಕುಳಿತು ಒಟ್ಟಿಗೆ ನೋಡೋಣ.