ನೋಡಿದ್ದು, ಅನಿಸಿದ್ದು – 7: ಮ್ಯೂಸಿಯಂ ನೋಡ್ತೀರೇನ್ರಿ?

ಸಿನಿಮಾ ಮುಗಿದ ಕೂಡ್ಲೇ ನಾ ಮಾಡಿದ ಮೊದಲ ಕೆಲಸ, ಫೋನಿನ ಮ್ಯಾಪ್‌ನಾಗ ಲಕ್ಕಲಕಟ್ಟಿ ಹುಡುಕಿದ್ದು. ಐತ್ರಿ. ಜೀವಕ್ಕ ಸಮಾಧಾನ ಆತು.

ಯಾಕಂದ್ರ ‘ಬಕುರಾವ್’ (2019) ಸಿನಿಮಾದಾಗ ಒಂದು ಇಡೀ ಊರು ಮ್ಯಾಪಿನಿಂದ ಮಾಯ ಆಗ್ತೈತಿ. ಬ್ರೆಜಿಲ್ ದೇಶದ ಈಶಾನ್ಯದ ಒಣ ಸೀಮೆ. ನೀರಿಗೆ ಟ್ಯಾಂಕರ್ ಕಾಯಬೇಕು. ಒಂದಿನ ಟ್ಯಾಂಕರ್ ತುಂಬ ಗುಂಡಿನ ತೂತು! ಹೊರಗಿಂದ ಬಂದವರು ಈ ಜನರನ್ನ ಮೋಜಿಗೆ ಬೇಟೆ ಆಡಾಕತ್ತಾರ. ಕಾನ್ ಚಿತ್ರೋತ್ಸವದಾಗ ಜ್ಯೂರಿ ಪ್ರಶಸ್ತಿ ಬಂದ ಸಿನಿಮಾ ಇದು. (ಮುಂದ ಕಥಿ ಹೇಳ್ತೀನಿ, ನೋಡದವರು ನೋಡಿ ಬರ್ರಿ.)

ಬೇಟೆಗಾರರ ಪರವಾಗಿ ಇಬ್ಬರು ಬೈಕ್ ಮ್ಯಾಲೆ ಊರಿಗೆ ಬರ್ತಾರ. ಊರವರು ಕೇಳ್ತಾರ, ಮ್ಯೂಸಿಯಂ ನೋಡಾಕ ಬಂದೀರೇನು ಅಂತ. ಅವರು ಒಳಗ ಕಾಲಿಡೂದಿಲ್ಲ. ಇಟ್ಟಿದ್ರ ಗೊತ್ತಾಗ್ತಿತ್ತು: ಆ ಗೋಡೆ ಮ್ಯಾಲೆ ಹಳೇ ಬಂದೂಕು, ಹಳೇ ಬಂಡಾಯದ ನೆನಪು ಅದಾವ. ಕೊನೆಗೆ ಊರು ಅದನ್ನ ಇಳಿಸಿ ಕೈಗೆ ತಗೋತೈತಿ.

ಆ ಇಬ್ಬರೂ ಬ್ರೆಜಿಲ್‌ನವರೇ, ಶ್ರೀಮಂತ ದಕ್ಷಿಣದವರು. ‘ನಾವು ಈ ಹಳ್ಳಿ ಜನರಂಗ ಅಲ್ಲ, ನಿಮ್ಮಂಗ’ ಅಂತ ವಿದೇಶಿಯರ ಮುಂದ ಹೇಳ್ಕೋತಾರ. ವಿದೇಶಿಯರು ನಗ್ತಾರ, ಆಮೇಲೆ ಅವರನ್ನೇ ಗುಂಡಿಟ್ಟು ಕೊಲ್ತಾರ. ಅಲ್ಲಿ ನನಗ ಚುಚ್ಚಿತು. ಹುಬ್ಬಳ್ಳಿಯೊಳಗ ಯಾರರೆ ‘ಯಾವೂರಪಾ?’ ಅಂದ್ರ ‘ಗದಗ’ ಅಂದುಬಿಡ್ತಿದ್ದೆ. ಲಕ್ಕಲಕಟ್ಟಿ ಅನ್ನಾಕ ನಾಚಿಕಿ. ನನ್ನ ಊರನ್ನ ಮ್ಯಾಪಿನಿಂದ ಮೊದಲು ಅಳಿಸಿದವ ನಾನೇ.

ಈಗ ನಮ್ಮ ಕಡಿ ಬರ್ರಿ. ಮುಧೋಳದ ಹತ್ರ ಹಲಗಲಿ. 1857ರಾಗ ಕಂಪನಿ ಸರ್ಕಾರ ಕಾನೂನು ತಂತು: ಎಲ್ಲರೂ ಹತಾರ ಒಪ್ಪಿಸಬೇಕು. ಬೇಡರಿಗೆ ಹತಾರ ಅಂದ್ರ ಅನ್ನ, ಮಾನ, ಎರಡೂ. ಜಡಗ, ಬಾಲ, ಹನುಮ, ರಾಮ ‘ಕೊಡೂದಿಲ್ಲ’ ಅಂದ್ರು. ನವೆಂಬರ್ ಕೊನೆಗೆ ದಂಡು ಬಂತು, ಊರಿಗೆ ಬೆಂಕಿ ಇಟ್ಟಿತು. ಸಿಕ್ಕವರನ್ನ ಡಿಸೆಂಬರ್‌ನಾಗ ಗಲ್ಲಿಗೇರಿಸಿದ್ರು.

‘ಸಿನಿಮಾದಾಗ ಗೆಲ್ತಾರ, ನಿಜದಾಗ ಸೋಲ್ತಾರ, ಮುಗೀತಲ್ಲ’ ಅಂದ ನನ್ನ ಗೆಳೆಯ. ನಾನು ಒಪ್ಪೂದಿಲ್ಲ. ಹಲಗಲಿ ಸುಟ್ಟಿತು, ಲಾವಣಿ ಸುಡಲಿಲ್ಲ. ಜನ ಹಾಡಿದ್ದನ್ನ ಫ್ಲೀಟ್ ಅನ್ನೋ ಇಂಗ್ಲಿಷ್ ಅಧಿಕಾರಿಯೇ ಸಂಗ್ರಹಿಸಿ ಅಚ್ಚು ಹಾಕಿಸಿದ. ಗೆದ್ದವರ ಕಡಿಯವನೇ ಸೋತವರ ಹಾಡು ಬರಕೊಂಡ! ಆ ಲಾವಣಿನೇ ಹಲಗಲಿಯ ಮ್ಯೂಸಿಯಂ. ಹತ್ತನೇತ್ತಾದಾಗ ಅದು ನಮಗ ಪಾಠ ಇತ್ತು. ಮಾರ್ಕ್ಸಿಗೆ ಬಾಯಿಪಾಠ ಮಾಡಿದ್ವಿ, ಪರೀಕ್ಷೆ ಮುಗಿದ ಮರುದಿನ ಮರೆತ್ವಿ. ಬೈಕಿನವರಂಗ ನಾವೂ ಬಾಗಿಲ ತನಕ ಹೋಗಿ ವಾಪಸ್ ಬಂದ್ವಿ.

ಬಂದೂಕು ಹಿಡೀರಿ ಅಂತ ನಾ ಹೇಳಾಕತ್ತಿಲ್ಲ. ಸಿನಿಮಾದಾಗ ಬೇಟೆಗಾರರಿಗೆ ದಾರಿ ತೋರಿಸಿದವ ಯಾರು? ಓಟಿಗಾಗಿ ಅವಧಿ ಮುಗಿದ ಆಹಾರ ಹಂಚಿದ ಅದೇ ಸೀಮೆಯ ಮೇಯರ್. ಒಳಗಿನವರು ಬಾಗಿಲು ತೆಗೀದೆ ಹೊರಗಿನವರು ಬರೂದು ಕಷ್ಟ. ಬಕುರಾವ್ ಉಳಿದದ್ದು ಬಂದೂಕಿನಿಂದ ಅಷ್ಟೇ ಅಲ್ಲ. ಅಲ್ಲಿ ಮೇಷ್ಟ್ರು, ಡಾಕ್ಟರಮ್ಮ, ಊರು ಬಿಟ್ಟು ತಲೆಮರೆಸಿಕೊಂಡವನು, ಎಲ್ಲರಿಗೂ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿತ್ತು, ಊರಿನ ಕಥೀನೂ ಗೊತ್ತಿತ್ತು.

ನನಗ ನಮ್ಮೂರಿನ ಕಥಿ ಎಷ್ಟು ಗೊತ್ತು? ಮೂರು ವಾಕ್ಯದ ಮ್ಯಾಲೆ ಬರೂದಿಲ್ರಿ. ಈ ಭಾನುವಾರ ಕಟ್ಟಿ ಮ್ಯಾಲೆ ಕುಂತ ಅಜ್ಜಾರ ಹತ್ರ ಹೋಗಿ, ಫೋನಿನಾಗ ರೆಕಾರ್ಡ್ ಹಚ್ಚಿ ಕುಂದ್ರತೀನಿ. ನೀವೂ ಕುಂದರ್ರಿ.

ಕಮೆಂಟಿನಾಗ ನಿಮ್ಮೂರ ಹೆಸರು ಹಾಕ್ರಿ. ಜಿಲ್ಲೆ ಬ್ಯಾಡ, ಊರು.

#ನೋಡಿದ್ದುಅನಿಸಿದ್ದು #ಬಕುರಾವ್ #ಹಲಗಲಿ #ಲಕ್ಕಲಕಟ್ಟಿ